ಎಲ್ ತಾತಿಯೋ ಬುಗ್ಗೆಯ ಬಳಿ

ಬೆಳಗಿನ ಐದೂವರೆ. ಸೊನ್ನೆಗಿಂತ ಹನ್ನೊಂದು ಡಿಗ್ರಿ ಕೆಳಗೆ.
ದಿಯೊನಿಸಿಯೊ ಆಯಾವಿರೆ
ಬಲೆಚೀಲದ ಮೊಟ್ಟೆಗಳನ್ನು ಕುದಿವ ಬುಗ್ಗೆಗೆ ಇಳಿಬಿಟ್ಟು ಕೂತಿದ್ದ.
ಆವಿ ಏರಿದ್ದೇ ತಡ, ಹೆಪ್ಪುಗಟ್ಟಿ
ಅವನ ಹುಬ್ಬಿನ ಮೇಲೆ ಬೆಳ್ಳಗೆ ಕೂರುತ್ತಿತ್ತು.

ದೂರದರ್ಶಕದ ರಾತ್ರಿಪಾಳಿ ಮುಗಿಸಿ ಬಂದವಳು
ಕೈ ಕಾಯಿಸುತ್ತ ಹೇಳಿದಳು:
ಶನಿಗೆ ಇಂಥದೇ ಬುಗ್ಗೆಗಳ ಪುಟ್ಟ ಚಂದ್ರನೊಬ್ಬ.
ಮೈಯೆಲ್ಲ ಹಿಮ, ತೆಂಕಣ ತುದಿಯಲ್ಲಿ ಬಿರುಕು.
ಚಿಮ್ಮಿದ್ದರಲ್ಲಿ ಬಹುಪಾಲು ಅವನ ಮೇಲೆಯೇ ಬಿದ್ದು
ತಪ್ಪಿಸಿಕೊಂಡ ಪುಡಿಯಷ್ಟೇ ಹೊರಬಳೆಗೆ.
ಬುಗ್ಗೆ ನಿಂತರೆ ಬಳೆ ಸವೆದುಹೋದೀತು,
ಕೆಲವು ನೂರು ವರ್ಷ ಸಾಕು.

"ಬಳೆಗೂ ದಿನಗೂಲಿಯೇ ಅನ್ನು,"
ಅವನು ಚೀಲ ಎತ್ತಿದ.
ಒಂದು ಮೊಟ್ಟೆ ಒಡೆದಿತ್ತು. ಅದು ತನಗೆ.
ಗಟ್ಟಿಯಾದದ್ದನ್ನು ಅವಳ ಕೈಗವಸಿಗೆ ಉರುಳಿಸಿ
ಹುಬ್ಬು ಒರೆಸಿಕೊಂಡ.

ಮತ್ತೆ ಬೆಳ್ಳಗಾಯಿತು.