ಮೊಟ್ಟೆ ಒಡೆಯದ ದಾರಿ

ಗಾಳಿ ಎಷ್ಟು ಹಾಕಲಿ ಡಾಕ್ಟ್ರಮ್ಮ?
ಕಲ್ಲಿನ ಹಾಗೆ ಗಟ್ಟಿ ಬೇಡ. ಹೆಬ್ಬೆರಳಲ್ಲಿ ಒತ್ತಿ ನೋಡಿ,
ಹಣ್ಣಾಗೋಕೆ ಇನ್ನೆರಡು ದಿನ ಇರೋ
ಸೀಬೆಕಾಯಿ ಹಾಗಿರಬೇಕು.
ಜಲ್ಲಿಗೆ ಅಷ್ಟೇ ಸರಿ.

ಲಾರಿ ಇಲ್ಲದ, ಬಸ್ಸಿಲ್ಲದ ದಾರಿ ಕೇಳಿದಿರಿ.
ಹಾಸನದ ಹೆದ್ದಾರಿ ಮರೆತುಬಿಡಿ,
ಅಲ್ಲಿ ಸೈಕಲ್ಲಿನವನು ಅಂದರೆ
ಬಿಳಿ ಗೆರೆಯಾಚೆ ಎಸೆದ ಬಾಳೆಹಣ್ಣಿನ ಸಿಪ್ಪೆ.
ನೀವು ನಾಲೆ ಏರಿ ಹಿಡೀರಿ.

ಎಷ್ಟು ಕಿಲೋಮೀಟರ್ ಅಂತ ನನಗೆ ಗೊತ್ತಿಲ್ಲ.
ನನ್ನ ಅಳತೆ ಬೇರೆ. ಕ್ಷಮಿಸಿ, ನೀವು ಬೆಳಗೊಳದ ಬಸದಿ ಬೀದಿಯವರು,
ಬೇಕಾದರೆ ಬಾಗಿಲಾಚೆ ನಿಂತು ಕೇಳಿ:
ಈ ಅಂಗಡಿಗೆ ಮುಂಚೆ ಹನ್ನೆರಡು ವರ್ಷ
ನಾನು ಮೊಟ್ಟೆ ಹೊತ್ತವನು.
ಕ್ಯಾರಿಯರ್ ಮೇಲೆ ಬಿದಿರಿನ ಕುಕ್ಕೆ, ಒಳಗೆ ಭತ್ತದ ಹೊಟ್ಟು,
ಹೊಟ್ಟಿನೊಳಗೆ ಆರು ನೂರು.
ಟಾರು ನುಣುಪು, ನಿಜ.
ಆದರೆ ಹಿಂದಿನಿಂದ ಒಂದೇ ಒಂದು ಹಾರನ್ನು,
ಹ್ಯಾಂಡಲ್ಲು ಎಡಕ್ಕೆ, ಚಕ್ರ ಗುಂಡಿಗೆ,
ಸಂಜೆ ಎಣಿಸಿದರೆ ಮೂವತ್ತು ಹೋಗಿರೋದು.
ಏರಿ ಮೇಲೆ ಜಲ್ಲಿ, ಕೊರಕಲು, ಗೊರಸಿನ ಗುಳಿ,
ಆದರೂ ಎರಡೋ, ಮೂರೋ.
ಒಡೆಯೋದು ಕಲ್ಲಿಗಲ್ಲ ಡಾಕ್ಟ್ರಮ್ಮ,
ಬೆಚ್ಚಿದ್ದಕ್ಕೆ.

ಬಾಗೂರು ರಸ್ತೆಯಲ್ಲಿ ಸ್ವಲ್ಪ ಹೋಗಿ,
ಮುಚ್ಚಿದ ನಾರಿನ ಮಿಲ್ಲಿನ ಹಿಂದೆ ಏರಿ ಹತ್ತಿ.
ಕಬ್ಬಿಣದ ಗೇಟಿರುತ್ತೆ, ಗೇಟಿಗೆ ಬೀಗ ಇರುತ್ತೆ.
ಬೀಗ ಕಾರಿನವರಿಗೆ.
ಪಕ್ಕದಲ್ಲಿ ಎಮ್ಮೆಗಳು ಮಾಡಿಕೊಂಡ ಸಂದಿ ಇದೆ,
ಸೂಜಿಗೆ ಬಂದ ಕರುವಿನ ಹಾಗೆ ಸೈಕಲ್ಲನ್ನ ಓರೆ ಮಾಡಿ ನುಗ್ಗಿಸಿ,
ಅದನ್ನ ನಿಮಗೆ ನಾನು ಹೇಳಿಕೊಡಬೇಕೇ.

ಮೊದಲು ಬಟ್ಟೆ ಒಗೆಯೋರು ಸಿಗ್ತಾರೆ.
ದಾರಿಗಡ್ಡ ಸೀರೆ ಹರವಿರ್ತಾರೆ. ಇಳಿದು ನಡೀರಿ,
ಬೈದರೆ ಬೈಸಿಕೊಳ್ಳಿ.
ಎರಡನೇ ತೂಬಿನ ಮೇಲೆ ನೀರುಗಂಟಿ ಸಣ್ಣೀರಪ್ಪ.
ಎಲ್ಲಿಗೆ ಅಂತ ಕೇಳ್ತಾನೆ.
ಸುಮ್ಮನೆ ಅಂದರೆ ಅವನಿಗೆ ಅರ್ಥವಾಗಲ್ಲ,
ಹಸು ನೋಡೋಕೆ ಅನ್ನಿ.
ಆಮೇಲೆ ಅವನ ಹಸುವನ್ನೂ ನೋಡಬೇಕಾಗುತ್ತೆ,
ಅದು ನಿಮ್ಮ ಪಾಡು.

ಮುಂದೆ ಯಾರೂ ಇಲ್ಲ.
ಒಂದು ಕಡೆ ತೆಂಗು, ಒಂದು ಕಡೆ ನೀರು,
ನೀರು ನಿಮ್ಮ ಜೊತೆಗೇ, ನಿಮ್ಮಷ್ಟೇ ನಿಧಾನ.
ಚಕ್ರದಡಿ ಜಲ್ಲಿ
ಯಾರೋ ಪಕ್ಕದ ಮನೆಯಲ್ಲಿ ಹುರಿಗಡಲೆ ತಿಂದ ಹಾಗೆ.

ಬಾಗೂರು, ನವಿಲೆ ನಡುವೆ ನಾಲೆ ಮಾಯ.
ಎದುರಿಗೆ ದಿಣ್ಣೆ, ನೀರು ಸುರಂಗಕ್ಕೆ.
ದಾರಿ ಮುಗೀತು ಅಂತ ತಿರುಗಬೇಡಿ,
ಕುರಿ ಹೋಗೋ ಹಾದಿ ಒಂದು ಮೇಲಕ್ಕಿದೆ, ಸಣ್ಣ ಗೇರಿಗೆ ಹಾಕಿ.
ನನ್ನದಕ್ಕೆ ಗೇರೆಲ್ಲಿ, ತಳ್ಳಿದ್ದೇ.
ನೆತ್ತಿಯಲ್ಲಿ ಒಂದು ಬಂಡೆ, ಒಂದು ಕಕ್ಕೆ ಮರ.
ಅಲ್ಲಿ ನಿಂತರೆ ಕಾಲಡಿ ಇಡೀ ಹೇಮಾವತಿ
ಕತ್ತಲಲ್ಲಿ ನಡೀತಾ ಇರ್ತಾಳೆ, ಸದ್ದೇ ಇಲ್ಲ.
ಒಂದಿನ ಕುಕ್ಕೆ ಇಳಿಸಿ ಬಂಡೆಗೆ ಕಿವಿ ಇಟ್ಟೆ.
ಕೇಳಿಸಿತು.
ನನ್ನ ಎದೆಯೇ ಇರಬೇಕು, ದಿಣ್ಣೆ ಹತ್ತಿದ ಎದೆ.
ಆದರೂ ಮನೆಯಲ್ಲಿ ನೀರು ಅಂತಲೇ ಹೇಳಿದೆ.
ಖೈರುನ್ನಿಸಾ ನಗಲಿಲ್ಲ.
ಒಂದಿನ ನನ್ನನ್ನೂ ಕರ್ಕೊಂಡು ಹೋಗಿ ಅಂದಳು.
ಕ್ಯಾರಿಯರ್ ಮೇಲೆ ಯಾವಾಗಲೂ ಮೊಟ್ಟೆ.
ಅಂಗಡಿ ಹಾಕಿ ಕ್ಯಾರಿಯರ್ ಖಾಲಿಯಾಗೋ ಹೊತ್ತಿಗೆ
ಕೂರೋರು ಇರಲಿಲ್ಲ.

ತಗೊಳ್ಳಿ, ಗಾಳಿ ಆಯ್ತು. ದುಡ್ಡು ಬೇಡ.
ಹೊತ್ತು ಮುಳುಗೋ ಮುಂಚೆ ಉಣ್ಣೋರು ನೀವು,
ನಾಲ್ಕಕ್ಕೆ ಅಲ್ಲಿಂದ ಹೊರಡಿ.
ಸ್ಟೆತಾಸ್ಕೋಪು ಚೀಲದಲ್ಲೇ ಇರುತ್ತಲ್ಲ,
ಹಸುವಿನ ಹೊಟ್ಟೆಗೆ ಇಡೋ ಹಾಗೆ ಬಂಡೆಗೂ ಒಂದ್ಸಲ ಇಡಿ.
ನೀರೋ ಅಲ್ಲವೋ ನಿಮಗೆ ತಿಳಿಯುತ್ತೆ.
ತಿಳಿದದ್ದು ನನಗೆ ಹೇಳಬೇಡಿ.

ಹಿಂದಿನ ಟೈರು ಸವೆದಿದೆ,
ಬರೋ ತಿಂಗಳು ನೆನಪು ಮಾಡಿ.