ಅಳತೆ ಎರಡು ಸಲ

ಉಸಿರು ಬಿಟ್ಟಾಗ ಇಪ್ಪತ್ತೊಂಬತ್ತು ಇಂಚು,
ಎಳೆದಾಗ ಮೂವತ್ತಮೂರು.
ನನ್ನದೇ ತಪ್ಪೆಂದು ಟೇಪನ್ನು ಮತ್ತೆ ಸುತ್ತಿದೆ.
ಮೂವತ್ತಮೂರೇ.
ರೂವಿಯಲ್ಲಿ ಹನ್ನೆರಡು ವರ್ಷ ಅಬಾಯ ಹೊಲಿದವಳು ನಾನು,
ಎಷ್ಟು ಮೈ ನೋಡಿದ್ದೇನೆ, ಎಷ್ಟು ತೋಳು, ಎಷ್ಟು ಬಸಿರು;
ನಿಂತಲ್ಲೇ ನಾಲ್ಕಿಂಚು ಉಬ್ಬಿ
ನಿಂತಲ್ಲೇ ಇಳಿಯುವ ಹುಡುಗಿಯನ್ನು ನೋಡಿರಲಿಲ್ಲ.

"ನೆಬಿಸಾಂಟಿ, ಬಿಗಿ ಮಾಡಬೇಡಿ ಮಾರಾಯ್ರೆ,
ಗಾಳಿ ಎಲ್ಲಿಡಲಿ?"
ಮೆಲಿಟಾ ಕುವೆಲ್ಲೊ. ಇಪ್ಪತ್ತೊಂದು ತುಂಬಿ ಎರಡು ತಿಂಗಳು.
ಅಪ್ಪ ಮತ್ರಾ ಬಂದರಿನ ಆಫೀಸಿನಲ್ಲಿ ಲೆಕ್ಕ ಬರೆಯುತ್ತಾರೆ,
ಅಮ್ಮ ವಾದಿ ಕಬೀರಿನಲ್ಲಿ ಹಲ್ಲಿನ ಡಾಕ್ಟರ ಬಳಿ ನರ್ಸು.
ರಾಣಿಯ ಪಾತ್ರಕ್ಕೆ ಲಿಸ್ಬನ್ನಿನಿಂದ ಬರಬೇಕಾದ ಹೆಂಗಸಿಗೆ
ಗಂಟಲಲ್ಲಿ ಏನೋ ಗಂಟು. ಫೋನು ಬಂದದ್ದು ಸೋಮವಾರ.
ಮೂರು ರಾತ್ರಿ, ಮೂರು ಅಂಕ,
ಮುಳುಗಿ ಸತ್ತ ಮಗನಿಗಾಗಿ ಉದ್ದದ ಒಂದು ಅಳು.
ಸಹಿ ಹಾಕಿದಳು. ಕಾಂಟ್ರಾಕ್ಟಿನ ಮೂಲೆಯಲ್ಲಿ
ಅವಳ ಬೆರಳಿನ ಶವರ್ಮಾ ಎಣ್ಣೆ.

ನಲವತ್ತೆಂಟರ ಸೊಂಟಕ್ಕೆ ಹೊಲಿದ ಮಖಮಲ್ಲು
ಇವಳ ಮೇಲೆ ನೆನೆದ ಗುಡಾರ.
ಕತ್ತರಿಸುವಂತಿಲ್ಲ, ಬಾಡಿಗೆಯದು.
ಒಳಕ್ಕೆ ಮಡಚಬೇಕು, ಇಪ್ಪತ್ತೇಳು ವರ್ಷವನ್ನು
ಎಡಕ್ಕಿಷ್ಟು, ಬಲಕ್ಕಿಷ್ಟು.

ನಿನೊ ಮೇಡಂ, ಅವಳ ಹಾಡಿನ ಗುರು, ಜಾರ್ಜಿಯಾದವರು,
ಹಚ್ಚದ ಸಿಗರೇಟು ಹಿಡಿದು ಬಾಗಿಲಲ್ಲಿ ನಿಂತಿದ್ದರು.
"ದನಿಗೆ ಮೂವತ್ತಾಗಬೇಕು. ಅದಕ್ಕೆ ಮೊದಲೇ
ರಾಣಿಯರನ್ನು ಹಾಡಿದವರು ನನಗೆ ಗೊತ್ತು.
ಒಬ್ಬಳು ಈಗ ತ್ಬಿಲಿಸಿಯಲ್ಲಿ ಹೂ ಮಾರುತ್ತಾಳೆ,
ಬೆಲೆ ಕೇಳಿದರೆ ಬೆರಳಲ್ಲಿ ತೋರಿಸುತ್ತಾಳೆ."

ದೀಪದ ಏಣಿಯಿಂದ ಬದ್ರ್ ಇಳಿದು ಬಂದ,
ನಿಜ್ವಾದವನು, ಜೇಬಲ್ಲಿ ಹಳದಿ ಖಲಾಲ್.
"ಇದೂ ಖರ್ಜೂರವೇ," ಅಂದ. "ಕಚ್ಚಿದರೆ ಟಕ್ ಅನ್ನುತ್ತದೆ,
ನಾಲಗೆ ಸ್ವಲ್ಪ ಒಗರು, ಅಷ್ಟೆ."
"ಕಿತ್ತದ್ದು ಮತ್ತೆ ಮರದಲ್ಲಿ ಹಣ್ಣಾಗುತ್ತದಾ?"
ಮೇಡಂ ಕೇಳಿದರು. ಅವನು ಇನ್ನೊಂದು ಕಚ್ಚಿದ.
ನಾನೂ ಒಂದು ತಕ್ಕೊಂಡೆ. ಯಾರ ಪಕ್ಷವೆಂದು ಹೇಳಲಿ,
ಹದಿನಾರಕ್ಕೆ ಮದುವೆಯಾಗಿ
ಹದಿನೇಳಕ್ಕೆ ಅಮ್ಮನ ಪಾತ್ರಕ್ಕೆ ಇಳಿದವಳು?
ನನಗೆ ಯಾರೂ ಎರಡು ಸಲ ಅಳತೆ ತೆಗೆದಿರಲಿಲ್ಲ.

ಮೊದಲ ರಾತ್ರಿ ಪರದೆಯ ಮಗ್ಗುಲಲ್ಲಿ
ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ನಿಂತಿದ್ದೆ.
ಆ ಭಾಷೆ ನನಗೆ ತಿಳಿಯದು. ಬೆನ್ನು ತಿಳಿಯುತ್ತದೆ.
ನನ್ನ ಹೊಲಿಗೆ ಬಿರಿದು ಕೂಡುತ್ತಿತ್ತು
ಬುಟ್ಟಿಗೆ ಬಿದ್ದ ಬಂಗುಡೆಯ ಕಿವಿರಿನ ಹಾಗೆ,
ಮೇಲಿನ ಮಹಡಿಯಲ್ಲಿ ಕೆಮ್ಮುತ್ತಿದ್ದ ಮುದುಕನೊಬ್ಬ
ಕೆಮ್ಮುವುದನ್ನು ಮರೆತಿದ್ದ.

ಎರಡನೆಯ ರಾತ್ರಿ, ಕೊನೆಯ ಅಂಕದಲ್ಲಿ,
ಒಂದು ಸ್ವರದ ಅಂಚು ಹರಿಯಿತು.
ಸಭೆ ಅದನ್ನು ದುಃಖವೆಂದುಕೊಂಡು
ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿತು.
ಗೌನು ಬಿಚ್ಚುವಾಗ ನೋಡಿದೆ: ಬಲಗಡೆಯ ದಾರ ಎಳೆದು ಸಡಿಲ,
ಎಡಗಡೆಯದು ಆಗಷ್ಟೇ ಹಾಕಿದ ಹಾಗೆ.
ಆ ಕಡೆ ಉಸಿರೇ ಹೋಗಿಲ್ಲ.
"ಹೆದರಿದೆಯಾ?"
"ಇಲ್ಲ. ಉಳಿಸಿದೆ," ಅಂದಳು, "ನಾಳೆಗೆ."
ಅಂದು ಬಿಸಿನೀರು ಕುಡಿದಳು, ಮುಖ ಕಿವುಚಿ, ಔಷಧಿಯ ಹಾಗೆ.

ಈಗ ವಾರ್ಸಾದಿಂದ ಕರೆ ಬಂದಿದೆ.
ಹತ್ತು ರಾತ್ರಿ, ಇನ್ನೊಬ್ಬ ಮುದುಕಿ.
ಅಮ್ಮ ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿದ್ದಾರಂತೆ,
ಹೋಗಲಿ ಎಂದೋ ಬೇಡ ಎಂದೋ ಹೇಳುವುದಿಲ್ಲ.
ನಿನೊ ಮೇಡಂ ಮೂರು ದಿನದಿಂದ ಫೋನು ಎತ್ತಿಲ್ಲ.

ನನಗೆ ಬಂದ ಚೀಟಿ ಬೇರೆ:
ಗೌನನ್ನು ಮೂಲದ ಅಳತೆಗೆ ತಂದು ಪೆಟ್ಟಿಗೆಗೆ ಹಾಕುವುದು.
ಬ್ಲೇಡಿನ ತುದಿಯಲ್ಲಿ ಒಂದೊಂದೇ ಹೊಲಿಗೆ ಬಿಡಿಸುತ್ತಿದ್ದೇನೆ.
ಹತ್ತಿಯಾದರೆ ಒಂದು ಒಗೆತಕ್ಕೆ ಮರೆಯುತ್ತದೆ.
ಮಖಮಲ್ಲು ಮರೆಯುವ ಜಾತಿಯಲ್ಲ,
ಸೂಜಿ ಹೋದಲ್ಲೆಲ್ಲ ಕಣ್ಣು ಬಿಟ್ಟುಕೊಂಡು ಕೂತಿದೆ.
ಕಾಲರಿನ ಒಳಗೆ, ಬೆವರಿಗೆ ಮಾಸಿದ ಬಿಳಿ ಪಟ್ಟಿಯಲ್ಲಿ
ಹಿಂದೆ ತೊಟ್ಟವರ ಹೆಸರು, ಮೂರು.
ಕೆಳಗೆ ಜಾಗ ಇದೆ.
ಯಾವ ಅಕ್ಷರದಲ್ಲಿ ಬರೆಯಲಿ ಎಂದು ಕೇಳಿದೆ.
"ಸದ್ಯಕ್ಕೆ ಪೆನ್ಸಿಲಿನಲ್ಲಿ," ಅಂದಳು.