ಎದಿಗಿಂತ ಗೇಣು ಮ್ಯಾಲ

ಕಾಲು ಎದಿಗಿಂತ ಒಂದು ಗೇಣು ಮ್ಯಾಲ ಇರಬೇಕು,
ದಿನಾ ಮೂರು ಸಲ, ಅರ್ಧರ್ಧ ತಾಸು
ಅಂದಾ ಕಿಮ್ಸಿನ್ಯಾಗ ಆ ಹೊಸಾ ಡಾಕ್ಟರ ಹುಡುಗ.
ಚೀಟಿ ಹಿಂದ ಒಂದು ಮಂಚದ ಚಿತ್ರ ತಗದಾ,
ಮಂಚದ ಮ್ಯಾಲ ಕಡ್ಡಿಯಂಥಾ ಮನಿಶ್ಯಾ,
ಕಾಲಬುಡಕ ಎರಡು ದಿಂಬು.

ಚಿತ್ರ ಚೊಲೋ ಇತ್ತು.
ನಮ್ಮ ಮನ್ಯಾಗ ಮಂಚಿಲ್ಲ ಅನ್ನಾಕ
ನನಗ ಬಾಯಿ ಬರಲಿಲ್ಲ,
ಹಿಂದ ನಲವತ್ತು ಮಂದಿ ಪಾಳಿ ಹಚ್ಚಿದ್ರು.

ಹೆಸರು ನೀಲವ್ವ. ಈಗ ಕಾಲಿಗೂ ಅದ ಹೆಸರು.
ಮೀನಖಂಡದಿಂದ ಹಿಮ್ಮಡಿಮಟ
ನೂಲಿನ ಲಡಿ ಬಿಚ್ಚಿ ಬಿದ್ದಂಗ ನರಗೋಳು,
ಹರಡಿನ ಮ್ಯಾಲ ಎಂಟಾಣೆ ಅಗಲದ ಗಾಯ.
ಯುಗಾದಿಗೆ ಆದದ್ದು,
ಸೀಗಿ ಹುಣ್ಣಿವಿ ದಾಟಿದ್ರೂ ಮಾಯವಲ್ದು.

ದುರ್ಗದಬೈಲಿನ ಹಿಂದ ಖಾನಾವಳಿ.
ಮೊದಲ ಕೂತು ಬಡೀತಿದ್ವಿ ರೊಟ್ಟಿ.
ಗ್ಯಾಸ ಬಂತು, ಕಡಪಾ ಕಲ್ಲಿನ ಕಟ್ಟಿ ಬಂತು,
ಒಲಿ ಎದ್ದು ನಿಂತಿತು, ನಾವೂ ನಿಂತ್ವಿ.
ಹದಿನೇಳು ವರ್ಷಾತು.
ರೊಟ್ಟಿಗೆ ಎರಡು ರೂಪಾಯಿ, ಇನ್ನೂರು ಬಡದ್ರ ಮನಿ ನಡೀತೈತಿ.
ನಿಂತಲ್ಲೆ ನಿಂದರಬ್ಯಾಡವಾ, ಅಡ್ಡಾಡು, ಅಂತಾನ.
ಅಡ್ಡಾಡಕೋಂತ ರೊಟ್ಟಿ ಬಡಿಯಾಕ ಬರತೈತೇನೋ ತಮ್ಮಾ?

ಮಾಲಕರು ಶಕುಂತಲಕ್ಕಾರು ಕೆಟ್ಟಾಕಿ ಅಲ್ಲ.
ಅವರಿಗೂ ಇದ ಬ್ಯಾನಿ ಇತ್ತು, ಇದ ಎಡಗಾಲು.
ವಿದ್ಯಾನಗರದಾಗ ಲೇಸರ ಮಾಡಿಸಿದ್ರು,
ಮುಂಜಾನಿ ಹೋಗಿ ಸಂಜೀಕ ಬಂದ್ರು.
ಈಗ ಗಲ್ಲೆದ ಮುಂದ ಸ್ಟೂಲಿನ ಮ್ಯಾಲ ಕಾಲಿಟ್ಟು
ರೊಕ್ಕ ಎಣಸತಾರ.
ತಮ್ಮ ಬಿಗಿ ಕಾಲಚೀಲ ನನಗ ಕೊಟ್ಟಾರ,
ಒಗದೊಗದು ಸಡ್ಲಾಗಿದ್ದು. ಹೊಸಾದಕ್ಕ ನಾಕು ಸಾವಿರ.
ಅದು ಜಾರಿ ಜಾರಿ ಹರಡಿಗೆ ಬಂದು ಕೂಡತೈತಿ,
ನಾ ಹುಟ್ಟಿದಾಗಿಂದ ಇಡದ ಕಾಲಗಡಗ.

ಒಂದಿನ ಗಿರಾಕಿ ಇಲ್ಲದ ಹೊತ್ನ್ಯಾಗ
ಜ್ವಾಳದ ಹಿಟ್ಟಿನ ಚೀಲದ ಮ್ಯಾಲ ಕಾಲಿಟ್ಟು ಅಡ್ಡಾದೆ.
ಅನ್ನದ ಚೀಲವಾ ನೀಲಾ! ಅಂದ್ರು ಎಲ್ಲಾರೂ.
ಖರೆ ಐತಿ.
ಎದ್ದು, ಚೀಲಾ ಮುಟ್ಟಿ ಹಣಿಗೆ ಹಚ್ಚಿಕೊಂಡೆ.

ಕಿಮ್ಸಿಗೆ ಬಸ್ಸು ಪುಕ್ಕಟೆ, ಸೊನ್ನಿ ಟಿಕೀಟ.
ಹೋಗಾಕ ರೊಕ್ಕ ಹತ್ತೂದಿಲ್ಲ,
ಹೋದ ದಿನಾ ರೊಕ್ಕ ಹುಟ್ಟೂದಿಲ್ಲ.
ಹಂಗಾಗಿ ಎರಡು ವಾರಾ ಪಟ್ಟಿ ಬದಲಿಸಲಿಲ್ಲ.
ಸಿಸ್ಟರು ಬೈದ್ರು. ಹುಡುಗ ಬೈಲಿಲ್ಲ,
ಫೈಲಿನ್ಯಾಗ ಸಣ್ಣಗ ಏನೋ ಬರದಾ.
ಮಗಳು ಚಂಪಿ ಒಂಬತ್ತನೆತ್ತ, ಇಂಗ್ಲೀಷ ಕೂಡಿಸಿ ಓದತಾಳ:
"ರೋಗಿ ಹೇಳಿದ್ದು ಕೇಳುವುದಿಲ್ಲ."
ನಾ ನಕ್ಕೆ. ಅಕಿ ನಗಲಿಲ್ಲ.

ಮನಿ ಅಂದ್ರ ಒಂದ ಖೋಲಿ.
ಮೂಡಲಕ ದೇವರ ಜಗಲಿ, ಆ ಕಡೆ ಕಾಲು ಚಾಚೂಹಂಗಿಲ್ಲ.
ಈ ಕಡೆ ಮಾವ. ನಿದ್ದಿ ಬರದ ಮನಿಶ್ಯಾ,
ಸೊಸಿ ಕಾಲೆತ್ತಿ ಮಲಗೂದ ನೋಡಬೇಕೇನು ಅವಾ?
ಬಾಗಲಾ ತಗದ್ರ ಓಣಿ.
ಚಂಪಿ ಪುಸ್ತಕದ ಗಂಟು ತಂದ್ಲು, ಅಲ್ಲೆ ಇಡು ಅಂತ.
ಸರಸ್ವತಿ ಮ್ಯಾಲ ಕಾಲಿಡಲೇನ?

ಆಮ್ಯಾಲ ಅಕಿ ಏನೂ ಮಾತಾಡಲಿಲ್ಲ.
ಬೋರಲಾಗಿ ಮಲಗಿ ಪುಸ್ತಕಾ ತಗದ್ಲು,
ಕೈ ಹಿಂದ ಚಾಚಿ ನನ್ನ ಕಾಲು ಹಿಡದು
ತನ್ನ ಬೆನ್ನ ಮ್ಯಾಲ ಇಟ್ಟುಕೊಂಡ್ಲು.
"ಗೇಣು ಅಂದ್ರ ಯಾರ ಗೇಣವಾ, ನಿಂದೋ ಅವಂದೋ?"

ಮಾವ ಎರಡು ಸಲ ಕೆಮ್ಮಿದ್ರು.
ಕೌದಿ ಜಗ್ಗಿಕೊಂಡು
ಗ್ವಾಡಿ ಕಡೆ ಹೊಳ್ಳಿ ಮಲಗಿದ್ರು.

ಅಕಿ ಉಸಿರು ತಗೊಂಡಂಗ ನನ್ನ ಕಾಲು ಏರತಾವ, ಇಳೀತಾವ.
ಉರಿ ಕಮ್ಮಿ ಆಗಿದ್ದು ಖರೆ,
ಹುಡುಗ ಸುಳ್ಳು ಹೇಳಿಲ್ಲ.

ಐದಕ್ಕ ಅಲಾರಾಂ.
ಕಾಲು ನೆಲಕ್ಕ ಊರತೀನಿ,
ಹಿಂದಿಂದ ರಕ್ತನೂ ಇಳೀತೈತಿ ದಡಾದಡಾ,
ಪಾಳಿಗೆ ತಡಾ ಆದ ಆಳಿನಂಗ.